ಕಾಯರ್ದಶಿರ್ಯವರ ಹೊಸ ಸರ್ವರ್

ನಮ್ಮ ತಾಲ್ಲೂಕಿನ ಪತ್ತಿನ ಸಹಕಾರ ಸಂಘದ ಹಳೆಯ ಸರ್ವರನ್ನು ತೆಗೆದು ಹೊಸದನ್ನು ಹಾಕಬೇಕೆಂಬ ಠರಾವು ಆಡಳಿತ ಮಂಡಳಿಯ ಸಭೆಯಲ್ಲಿ ಕಾಫಿ ಬರುವ ಮುಂಚೆಯೇ ಸರ್ವಾನುಮತದಿಂದ ಅಂಗೀಕಾರವಾಯಿತು. ಮಹಾಸಭೆಯ ಊಟಕ್ಕೆ ಪಾಯಸವೋ ಹೋಳಿಗೆಯೋ ಎಂಬ ವಿಷಯವನ್ನು ಎರಡು ಸಭೆಗಳಿಗೆ ಮುಂದೂಡಿದ್ದ ಮಂಡಳಿ ಇಷ್ಟು ಬೇಗ ಒಪ್ಪಿದ್ದಕ್ಕೆ ಕಾರಣವಿತ್ತು. “ಈ ಡಬ್ಬದಲ್ಲಿರುವುದನ್ನು ಆ ಡಬ್ಬಕ್ಕೆ ಕಾಪಿ ಮಾಡುವುದು ತಾನೇ?” ಎಂದು ಅಧ್ಯಕ್ಷರು ಕೇಳಿದ್ದರು, ಮತ್ತು ಕಂಪ್ಯೂಟರ್ ತಿಳಿದವನೆಂದು ಹೆಸರಾಗಿದ್ದ ಅವರ ಅಕ್ಕನ ಮಗ ಹೌದೆಂದು ತಲೆಯಾಡಿಸಿದ್ದ. ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವ ನನ್ನ ಅಭಿಪ್ರಾಯವನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಲಾಯಿತು, ಆದರೆ ಅದನ್ನು ಕೇಳಿರಲಿಲ್ಲ.

ಹಳೆಯ ಸರ್ವರ್ ಎಂದರೆ ಕಾರ್ಯದರ್ಶಿಗಳ ಕೋಣೆಯ ಮೂಲೆಯಲ್ಲಿ, ಲಕ್ಷ್ಮಿಯ ಪಟದ ಕೆಳಗೆ ಕುಳಿತಿದ್ದ ಒಂದು ಬೂದು ಬಣ್ಣದ ಪೆಟ್ಟಿಗೆ. ವರ್ಷ ವರ್ಷದ ಆಯುಧಪೂಜೆಯ ಕುಂಕುಮ, ವಿಭೂತಿ, ಗಂಧಗಳು ಪದರಪದರವಾಗಿ ಕೂತು, ಆನ್ ಮಾಡುವ ಗುಂಡಿ ಎಲ್ಲಿದೆ ಎಂಬುದು ಅಟೆಂಡರಿಗೆ ಮಾತ್ರ ಗೊತ್ತಿದ್ದ ವಿದ್ಯೆಯಾಗಿತ್ತು. ಅದರೊಳಗೆ ತೊಂಬತ್ತರ ದಶಕದಲ್ಲಿ ಫಾಕ್ಸ್‌ಪ್ರೊ ಎಂಬ ಹಳೆಯ ದತ್ತಾಂಶ ತಂತ್ರಾಂಶದಲ್ಲಿ ಬರೆಸಿದ ಸದಸ್ಯರ ಪಟ್ಟಿ ಮತ್ತು ಠೇವಣಿಗಳು, ಆಮೇಲೆ ವಿಷುಯಲ್ ಬೇಸಿಕ್ 6ರಲ್ಲಿ ಬರೆಸಿ ಎಸ್‌ಕ್ಯೂಎಲ್ ಸರ್ವರ್ 2000 ಎಂಬ ಇನ್ನೊಂದು ದತ್ತಾಂಶ ತಂತ್ರಾಂಶದ ಮೇಲೆ ಕೂರಿಸಿದ ಸಾಲದ ವಿಭಾಗ, ಇವೆರಡರ ಅವಿಭಕ್ತ ಕುಟುಂಬ ವಾಸವಾಗಿತ್ತು. ಇವನ್ನು ಬರೆದ ಮಹಾಶಯರು ಯಾವಾಗಲೋ ಊರು ಬಿಟ್ಟಿದ್ದರು. ಅವರು ಕೊಟ್ಟುಹೋದ ಮೂಲ ಪ್ರೋಗ್ರಾಂ ಎಂದು ತಿಜೋರಿಯಲ್ಲಿ, ಒತ್ತೆ ಇಟ್ಟ ಒಡವೆಗಳ ಪಕ್ಕದಲ್ಲಿ ಜೋಪಾನ ಮಾಡಿದ್ದ ಸಿ.ಡಿ.ಯನ್ನು ಹಾಕಿ ನೋಡಿದರೆ ಭಾವಗೀತೆಗಳು ಬಂದವು. ಚೆನ್ನಾಗಿಯೇ ಇದ್ದವು.

ಎಸ್‌ಕ್ಯೂಎಲ್ ಸರ್ವರಿನ 2000ದ ಆವೃತ್ತಿಯ ಬ್ಯಾಕಪ್ಪನ್ನು ನೇರವಾಗಿ ಹೊಸ ಪೆಟ್ಟಿಗೆಯಲ್ಲಿದ್ದ 2019ರ ಆವೃತ್ತಿಗೆ ಇಳಿಸಲು ಬರುವುದಿಲ್ಲ. ಮಧ್ಯೆ 2008ರ ಆವೃತ್ತಿಯಲ್ಲಿ ಒಮ್ಮೆ ಇಳಿಸಿ, ಅಲ್ಲಿಂದ ಹೊಸ ಬ್ಯಾಕಪ್ ತೆಗೆದು ಮುಂದಕ್ಕೆ ಸಾಗಿಸಬೇಕು. ಈ ನಡುವಿನ ತಂಗುದಾಣಕ್ಕಾಗಿ ಇನ್ನೊಂದು ಕಂಪ್ಯೂಟರ್ ಬೇಕೆಂದಾಗ ಅಧ್ಯಕ್ಷರು ನನ್ನನ್ನು ಕಮಿಷನ್ ಏಜೆಂಟನನ್ನು ನೋಡುವಂತೆ ನೋಡಿದರು. ಅದು ಹೇಗೋ ಮುಗಿಯಿತು. ಕೌಂಟರಿನ ಕಂಪ್ಯೂಟರುಗಳಲ್ಲಿ ಕೂತು ಸರ್ವರಿನಿಂದ ಲೆಕ್ಕ ತರಿಸಿ ತೋರಿಸುವ ಹಳೆಯ ಕ್ಲೈಂಟ್ ಪ್ರೋಗ್ರಾಮಿನದು ಬೇರೆಯೇ ಹಟ. ಅದರ ಕೆಲವು ಪರದೆಗಳು ಸರ್ವರಿನ ಹೆಸರನ್ನು ಸೆಟ್ಟಿಂಗ್ಸ್ ಕಡತದಿಂದ ಓದಿಕೊಂಡರೆ, ಉಳಿದವುಗಳಲ್ಲಿ ಆ ಹೆಸರನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದರು. ಅದನ್ನು ತಿದ್ದಲು ಮೂಲ ಪ್ರೋಗ್ರಾಂ ಇಲ್ಲದ ಮೇಲೆ ಉಳಿದಿದ್ದು ಒಂದೇ ದಾರಿ: ಮೊಮ್ಮಗನಿಗೆ ತಾತನ ಹೆಸರಿಡುವಂತೆ ಹೊಸ ಸರ್ವರಿಗೂ ಹಳೆಯ ಹೆಸರನ್ನೇ ಇಟ್ಟೆವು. ಮನೆಯಲ್ಲಿ ತಾತ ಇನ್ನೂ ಗಟ್ಟಿಮುಟ್ಟಾಗಿರುವಾಗ ಹೀಗೆ ಹೆಸರಿಟ್ಟರೆ ಕೂಗಿದಾಗ ಯಾರು ಓಗೊಡುತ್ತಾರೆಂಬುದು ಖಚಿತವಿರುವುದಿಲ್ಲ. ಲೆಕ್ಕ ತಾಳೆ ನೋಡಲು ಹಳೆಯ ಪೆಟ್ಟಿಗೆ ಬೇಕೆಂದಾಗಲೆಲ್ಲ ಹೊಸದರ ನೆಟ್‌ವರ್ಕ್ ತಂತಿಯನ್ನು ಕಿತ್ತು ಅದಕ್ಕೆ ಚುಚ್ಚುವ ಜವಾಬ್ದಾರಿ ಅಟೆಂಡರಿಗೆ ಬಂದು, ಸಂಘದಲ್ಲಿ ಅವರ ಗೌರವ ಇನ್ನಷ್ಟು ಹೆಚ್ಚಿತು.

ಇಲ್ಲಿಯವರೆಗಿನದೆಲ್ಲ ಯಂತ್ರದ ತಾಪತ್ರಯ. ನಿಜವಾದ ಫಜೀತಿ ಶುರುವಾದದ್ದು ನಕ್ಷತ್ರಗಳಿಂದ.

ಸರ್ವರಿನೊಳಗೆ ಬರೆದಿಟ್ಟಿದ್ದ ಹಳೆಯ ವರದಿಗಳಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವಾಗ ಸಮ ಚಿಹ್ನೆಯ ಪಕ್ಕದಲ್ಲೊಂದು ನಕ್ಷತ್ರ (*) ಹಾಕುವ ರೂಢಿಯಿತ್ತು. ‘ಸಾಲ ಮಾಡದ ಸದಸ್ಯರನ್ನೂ ಪಟ್ಟಿಯಲ್ಲಿ ಉಳಿಸಿಕೋ’ ಎಂಬುದು ಅದರ ತಾತ್ಪರ್ಯ. ಹೊಸ ಆವೃತ್ತಿಗಳು ಈ ಬರವಣಿಗೆಯನ್ನು ಒಪ್ಪದೆ ದೋಷವೆಂದು ತೋರಿಸುತ್ತವೆ. ನಾನಿಲ್ಲದ ಒಂದು ಮಧ್ಯಾಹ್ನ ಅಧ್ಯಕ್ಷರ ಅಕ್ಕನ ಮಗ ನಕ್ಷತ್ರಗಳನ್ನೆಲ್ಲ ಅಳಿಸಿ, ಸಮ ಚಿಹ್ನೆಯನ್ನು ಮಾತ್ರ ಬಿಟ್ಟು, ದೋಷ ಹೋಯಿತೆಂದು ಎಲ್ಲರಿಗೂ ಕಾಫಿ ಹೇಳಿದ. ದೋಷ ಹೋದದ್ದು ನಿಜ. ಜೊತೆಗೆ ಸಂಘದಲ್ಲಿ ಸಾಲವಿಲ್ಲದ ಸದಸ್ಯರೆಲ್ಲರೂ ಹೋಗಿದ್ದರು. ಡಿವಿಡೆಂಡ್ ಪಟ್ಟಿಯಲ್ಲಿ ತಮ್ಮ ಹೆಸರು ಕಾಣದ ಹಿರಿಯ ನಿರ್ದೇಶಕರೊಬ್ಬರು, ಜೀವಮಾನದಲ್ಲಿ ಯಾರ ಹತ್ತಿರವೂ ಕೈಸಾಲ ಸಹ ಮಾಡಿರದ ತಮಗೆ ಇದೇ ಮರ್ಯಾದೆಯೇ ಎಂದು ಮೇಜು ಗುದ್ದಿದರು. ಪಟ್ಟಿಯಲ್ಲಿ ಮೊದಲಿದ್ದವರು ಸುಸ್ತಿದಾರರಾಗಿದ್ದು ಅವರ ಸಿಟ್ಟನ್ನು ಇಮ್ಮಡಿಗೊಳಿಸಿತು.

ಎರಡನೆಯ ನಕ್ಷತ್ರ ಫಾಕ್ಸ್‌ಪ್ರೊದ್ದು. ಅದರಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಅದು ಅಳಿಯುವುದಿಲ್ಲ. ದಾಖಲೆಯ ಮೊದಲ ಮನೆಯಲ್ಲಿ ಒಂದು ನಕ್ಷತ್ರ ಬಿದ್ದು, ಪರದೆಯಿಂದ ಮರೆಯಾಗುತ್ತದೆ ಅಷ್ಟೆ. ಪ್ಯಾಕ್ ಎಂಬ ಆದೇಶ ಕೊಟ್ಟಾಗ ಮಾತ್ರ ಅದು ಕಡತದಿಂದ ನಿಜವಾಗಿ ಹೋಗುವುದು. ಪ್ಯಾಕ್ ಮಾಡಿದರೆ ಡೇಟಾ ಕೆಡುತ್ತದೆಂದು ಯಾರೋ ಹೆದರಿಸಿದ್ದರಿಂದ ನಮ್ಮ ಸಂಘದಲ್ಲಿ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಅಕ್ಕನ ಮಗ ಹಳೆಯ ದಾಖಲೆಗಳನ್ನು ಹೊಸ ಸರ್ವರಿಗೆ ಸಾಗಿಸಲೆಂದು ಎಲ್ಲಿಂದಲೋ ಇಳಿಸಿಕೊಂಡ ಪುಕ್ಕಟೆ ಪರಿವರ್ತಕ ತಂತ್ರಾಂಶ ಈ ನಕ್ಷತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ರಾಜೀನಾಮೆ ಕೊಟ್ಟವರು, ವರ್ಗವಾಗಿ ಹೋದವರು, ಕೈಲಾಸವಾಸಿಗಳಾದವರು ಎಲ್ಲರೂ ಷೇರು ಸಮೇತ ಹೊಸ ಸರ್ವರಿನಲ್ಲಿ ಎದ್ದು ಕುಳಿತರು. ಮಹಾಸಭೆಯ ನೋಟಿಸುಗಳು ಅವರ ವಿಳಾಸಕ್ಕೂ ಹೋದವು. ಒಂದು ಮನೆಯವರು ತಂದೆಯವರ ವೈದಿಕದ ಮಾರನೆಯ ದಿನವೇ ಬಂದ ನೋಟಿಸನ್ನು ಹಿಡಿದು ಬಂದು, ಅಳಬೇಕೋ ಡಿವಿಡೆಂಡ್ ಕೇಳಬೇಕೋ ತಿಳಿಯದೆ, ಕೊನೆಗೆ ಡಿವಿಡೆಂಡ್ ಕೇಳಿದರು. ಮರಣ ಪತ್ರವನ್ನು ಇನ್ನೊಮ್ಮೆ ಸಲ್ಲಿಸಿದರೆ ಅವರನ್ನು ಮತ್ತೆ ತೀರಿಕೊಂಡವರನ್ನಾಗಿ ಮಾಡಿಕೊಡುವುದಾಗಿ ಕಾರ್ಯದರ್ಶಿಗಳು ಭರವಸೆ ಕೊಟ್ಟರು.

ಹಾಗಾದರೆ ನಕ್ಷತ್ರವಿದ್ದವರನ್ನೆಲ್ಲ ತೆಗೆದುಬಿಡೋಣವೆಂದರೆ ಹಿರಿಯ ಗುಮಾಸ್ತೆ ಹೌಹಾರಿದರು. ಸಭೆಯಲ್ಲಿ ಜಗಳವಾಡಿ ‘ಇನ್ನು ಈ ಸಂಘದ ಮೆಟ್ಟಿಲು ಹತ್ತುವುದಿಲ್ಲ’ ಎಂದು ಹೋದವರನ್ನೂ ಅವರು ಹಾಗೆಯೇ ಅಳಿಸಿಡುತ್ತಿದ್ದರಂತೆ. ಕೋಪ ಇಳಿದು ವಾಪಸು ಬಂದಾಗ ರೀಕಾಲ್ ಎಂಬ ಆದೇಶದಿಂದ ನಕ್ಷತ್ರ ತೆಗೆದರೆ ಖಾತೆ ಇದ್ದಂತೆಯೇ ಸಿಗುತ್ತಿತ್ತು. ಯಾವ ನಕ್ಷತ್ರ ಮರಣದ್ದು, ಯಾವುದು ಮುನಿಸಿನದು ಎಂಬುದು ಆ ಗುಮಾಸ್ತೆಯ ತಲೆಯ ಹೊರತು ಬೇರೆಲ್ಲೂ ದಾಖಲಾಗಿರಲಿಲ್ಲ. ಹೊಸ ತಂತ್ರಾಂಶದಲ್ಲಿ ಸದಸ್ಯರ ಸ್ಥಿತಿ ಎಂಬ ಕಾಲಮ್ಮಿನಲ್ಲಿ ‘ಮುನಿಸು’ ಎಂಬ ಆಯ್ಕೆ ಇರುವುದು ಬಹುಶಃ ನಮ್ಮ ಸಂಘದಲ್ಲಿ ಮಾತ್ರ. ಅದಕ್ಕೆ ನನಗೆ ಹೆಮ್ಮೆಯಿದೆ.

ಠೇವಣಿಗಳ ದಿನಾಂಕದಲ್ಲೂ ಇಂಥದೇ ಒಂದು ಗುಟ್ಟಿತ್ತು. ಹಳೆಯ ಪರದೆಯಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ತುಂಬುತ್ತಿದ್ದರು; ಉಳಿದೆರಡನ್ನು ಫಾಕ್ಸ್‌ಪ್ರೊ ತಾನಾಗಿಯೇ 19 ಎಂದು ಭಾವಿಸಿಕೊಳ್ಳುತ್ತಿತ್ತು. ಬಡ್ಡಿ ಹಾಕುವಾಗಲೂ ಹಳೆಯ ಪ್ರೋಗ್ರಾಂ ಕೊನೆಯ ಎರಡು ಅಂಕಿಗಳನ್ನೇ ಕಳೆಯುತ್ತಿದ್ದುದರಿಂದ, ಎರಡು ದಿನಾಂಕಗಳೂ ಒಂದೇ ಶತಮಾನದಲ್ಲಿರುವವರೆಗೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಹೊಸ ಸರ್ವರಿಗೆ ಈ ಒಳ ಒಪ್ಪಂದ ತಿಳಿಯದು. ದೇಶದ ಮೊದಲ ಸಹಕಾರ ಸಂಘಗಳಲ್ಲಿ ಒಂದೆಂದು ಹೆಸರಾದ ಗದಗ ಸೀಮೆಯ ಕಣಗಿನಹಾಳದ ಸಂಘ ಹುಟ್ಟಿದ್ದೇ 1905ರಲ್ಲಿ. ನಮ್ಮ ಸದಸ್ಯರೊಬ್ಬರು 1903ರಲ್ಲೇ ನಮ್ಮಲ್ಲಿ ಠೇವಣಿ ಇಟ್ಟಿದ್ದರು. ನೂರು ವರ್ಷಕ್ಕೂ ಮೀರಿದ ಚಕ್ರಬಡ್ಡಿಯನ್ನು ಯಂತ್ರ ಪೈಸೆಯವರೆಗೆ ಲೆಕ್ಕ ಹಾಕಿ ಕೊಟ್ಟಿತು. ಸಂಘದ ಕಟ್ಟಡವನ್ನು ಮಾರಿದರೂ ತೀರದ ಆ ಮೊತ್ತದ ಚೀಟಿಯನ್ನು ಕಾರ್ಯದರ್ಶಿಗಳು ಎಂಟಾಗಿ ಮಡಿಚಿ ಜೇಬಿಗಿಳಿಸಿದರು.

ಕೊನೆಯದಾಗಿ ಕನ್ನಡ. ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ತುಂಬಿದ್ದರು. ಅದರಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷಿನ ಪಿ ಅಕ್ಷರದ ಜಾಗದಲ್ಲಿ ಕಕಾರದ ಚಿತ್ರ, ಯು ಜಾಗದಲ್ಲಿ ಗಕಾರದ ಚಿತ್ರ, ಹೀಗೆ ಚೂರುಗಳನ್ನು ಜೋಡಿಸಿ ಕಣ್ಣಿಗೆ ಕನ್ನಡ ಕಾಣಿಸುವ ಏರ್ಪಾಡು. ಇದನ್ನು ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತಗಳಿರುವ ಯುನಿಕೋಡಿಗೆ ತರುವಾಗ ಅರ್ಕಾವತ್ತು ಕೈಕೊಡುತ್ತದೆ. ಹಳೆಯ ಏರ್ಪಾಡಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬಂದರೆ, ಯುನಿಕೋಡಿನಲ್ಲಿ ಬಾಯಿ ಉಚ್ಚರಿಸುವಂತೆ ರಕಾರವೇ ಮೊದಲು ಬರಬೇಕು. ಪುಕ್ಕಟೆ ಪರಿವರ್ತಕಕ್ಕೆ ಇದರ ಗಂಧವಿರಲಿಲ್ಲ. ಪಾರ್ವತಮ್ಮನವರು ಪಾವರ್ತಮ್ಮನಾದರು, ಸೂರ್ಯನಾರಾಯಣರಾಯರು ಸೂಯರ್ನಾರಾಯಣರಾಯರಾದರು, ರಾಜ್ಯವು ಕನಾರ್ಟಕವಾಯಿತು, ಮತ್ತು ಎಲ್ಲ ನೋಟಿಸುಗಳ ಕೆಳಗೆ ಕಾಯರ್ದಶಿರ್ ಎಂದು ಅಚ್ಚಾದದ್ದರ ಮೇಲೆ ಕಾರ್ಯದರ್ಶಿಗಳು ಕಣ್ಣುಮುಚ್ಚಿ ಸಹಿ ಮಾಡಿದರು.

ಅರ್ಕಾವತ್ತನ್ನೆಲ್ಲ ಸ್ವಸ್ಥಾನಕ್ಕೆ ಸೇರಿಸಿದ ಮೇಲೆ ಪಟ್ಟಿ ಮೊದಲ ಬಾರಿಗೆ ಶುದ್ಧ ಅಕಾರಾದಿಯಲ್ಲಿ ಬಂತು. ಆಗ ಗುಮಾಸ್ತೆ, ತಮಗೆ ಒಬ್ಬರ ಹೆಸರೂ ಸಿಗುತ್ತಿಲ್ಲವೆಂದು ದೂರಿದರು. ಹಳೆಯ ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಣೆಯಾಗುತ್ತಿತ್ತು. ರಕಾರ ಜಿ ಜಾಗದಲ್ಲೂ ತಕಾರ ವಿ ಜಾಗದಲ್ಲೂ ಇದ್ದುದರಿಂದ ರಂಗಪ್ಪಂದಿರು ತಿಮ್ಮಪ್ಪಂದಿರಿಗಿಂತ ಮುಂದಿದ್ದರು. ವಕಾರಕ್ಕೆ ಒಂದು ಕೊಂಬು ಸೇರಿಸಿಯೇ ಮಕಾರ ಮಾಡುತ್ತಿದ್ದುದರಿಂದ ಮಂಜಪ್ಪ, ವೆಂಕಟಪ್ಪರು ಒಂದೇ ಗುಂಪಿನಲ್ಲಿದ್ದರು. ಆಕೆಯ ಬೆರಳುಗಳು ಇಷ್ಟು ವರ್ಷ ಈ ಕ್ರಮವನ್ನೇ ರೂಢಿಸಿಕೊಂಡಿದ್ದವು. ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಮಹಾಸಭೆಯಲ್ಲಿ ಸ್ಟೀಲ್ ಡಬ್ಬಿಯ ಉಡುಗೊರೆಯನ್ನು ಪಟ್ಟಿಯ ಕ್ರಮದಲ್ಲೇ ಹಂಚುವ ಪದ್ಧತಿಯಾದ್ದರಿಂದ, ತಲೆತಲಾಂತರದಿಂದ ಮುಂದಿದ್ದ ತಮ್ಮನ್ನು ಏಕಾಏಕಿ ಹಿಂದೆ ತಳ್ಳಿದ್ದೇಕೆಂದು ರಂಗಪ್ಪ, ರಾಮಣ್ಣ, ರುದ್ರೇಗೌಡರೆಲ್ಲರೂ ಒಟ್ಟಾಗಿ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ತಿಮ್ಮಪ್ಪಂದಿರು ಪ್ರತಿ ಆಕ್ಷೇಪಣೆ ಕೊಟ್ಟರು. ಆಡಳಿತ ಮಂಡಳಿ ಇದಕ್ಕೆಂದೇ ವಿಶೇಷ ಸಭೆ ಕರೆದು, ಈ ಬಾರಿ ಕಾಫಿಯ ನಂತರವೂ ಚರ್ಚಿಸಿ, ಒಂದು ವರ್ಷ ಕನ್ನಡದ ಕ್ರಮ, ಒಂದು ವರ್ಷ ಹಳೆಯ ಕ್ರಮ ಎಂದು ಠರಾವು ಮಾಡಿತು. ಅದಕ್ಕೆ ಬೇಕಾದ ಬಟನ್ನನ್ನು ಸೇರಿಸಿಕೊಟ್ಟಿದ್ದೇನೆ. ಈ ವರ್ಷ ತಿಮ್ಮಪ್ಪಂದಿರ ಸರದಿ.