ಎತ್ತಿಗೆ ಮೂರೇ ಕಾಲಿರಲಿ, ಮಕ್ಕಳೇ ಮಾಡಲಿ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು ಅಂದರೆ ಬೆಂಗಳೂರಿನಲ್ಲಿರುವ ನಮ್ಮ ಉತ್ತರ ಕರ್ನಾಟಕದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ಮಣ್ಣೆತ್ತು ಎಲ್ಲಿ ಸಿಗ್ತಾವ್ರೀ?" ಯಾರಾದರೂ ಒಂದು ಫೋಟೊ ಹಾಕುತ್ತಾರೆ. ಅಚ್ಚಿನಲ್ಲಿ ತೆಗೆದ ಜೋಡಿ, ಮೈಗೆ ಹಾಲುಬಿಳುಪು, ಕೋಡಿಗೆ ಬಂಗಾರದ ಬಣ್ಣ, ಬೆನ್ನ ಮೇಲೆ ಕೆಂಪು ಜೂಲು. ಹತ್ತು ಜನ "ನಮಗೂ ಒಂದು ಜೋಡಿ" ಅನ್ನುತ್ತಾರೆ. ನಾನು ಪ್ರತಿ ವರ್ಷ ಬರೆಯುವ ಉತ್ತರ ಒಂದೇ: "ಮಣ್ಣು ತರ್ರಿ, ಎತ್ತು ಮಕ್ಕಳು ಮಾಡ್ತಾರ." ಗುಂಪಿನಲ್ಲಿ ಇಷ್ಟೇ ಬರೆದರೆ ನನ್ನ ಮಾತು ಪೂರ್ತಿ ಆಗುವುದಿಲ್ಲ ಅನಿಸಿ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೈಸೂರು, ಕರಾವಳಿ ಕಡೆಯ ಗೆಳತಿಯರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿ ಜ್ಯೇಷ್ಠದ ಹುಣ್ಣಿಮೆ ಅಂದರೆ ಕಾರ ಹುಣ್ಣಿಮೆ, ಅದು ಕೊಟ್ಟಿಗೆಯ ನಿಜವಾದ ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೋಡಬಳೆ ಸಿಗಿಸಿ, ಸಂಜೆಗೆ ಕರಿ ಹರಿಯುತ್ತಾರೆ, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತು ಓಡಿಸಿ ಹರಿಸುತ್ತಾರೆ. ಅಲ್ಲಿಂದ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಲ್ಲಿ ಮಾಡಿ ಪೂಜಿಸುವ ದೇವಿ ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ. ಭಾದ್ರಪದದಲ್ಲಿ ಗಣಪ್ಪ, ಅವನ ಹಿಂದೆಯೇ ಮಳೆ ಬೆಳೆಯ ದೈವ ಜೋಕುಮಾರ. ಐದೂ ಮಣ್ಣಿನವು, ಐದೂ ಮುಂಗಾರಿನ ಹಸಿಯಲ್ಲಿ ಹುಟ್ಟಿ ಮತ್ತೆ ಹಸಿಗೇ ಸೇರುವಂಥವು. ಮಳೆ ಬಿದ್ದು ಹೊಲ ಹದಕ್ಕೆ ಬಂದಿರುತ್ತದೆ, ದೊಡ್ಡವರು ಬಿತ್ತಿಗೆಯಲ್ಲಿ ಮುಳುಗಿರುತ್ತಾರೆ, ಮಕ್ಕಳ ಕೈಗೂ ಅದೇ ಮಣ್ಣು ಸಿಕ್ಕುತ್ತದೆ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಸಂಗತಿ ಎಂದರೆ ಮಕ್ಕಳಿಗೆ ಇಲ್ಲಿ ಕೆಲಸವಿದೆ. ಎಷ್ಟೋ ಹಬ್ಬಗಳಲ್ಲಿ ಸಣ್ಣವರ ಪಾಲಿಗೆ ಬರುವುದು ಹೊಸ ಅಂಗಿ, ಒಂದು ನಮಸ್ಕಾರ, ಆಮೇಲೆ "ಮುಟ್ಟಬ್ಯಾಡ, ಆ ಕಡೆ ಕೂಡು" ಅನ್ನುವ ಮಾತು. ಮಣ್ಣೆತ್ತಿನ ದಿನ ಹಾಗಲ್ಲ. ಎತ್ತು ಮಾಡುವವರು ಅವರು, ಮೇವು ಹಾಕುವ ಗ್ವಾದಲಿ ಕಟ್ಟುವವರು ಅವರು, ಎತ್ತಿಗೆ ಹೊಟ್ಟು ಮೇವು ಹಾಕುವವರೂ ಅವರೇ. ಅಂಗಡಿಯಿಂದ ಬಣ್ಣದ ಜೋಡಿ ತಂದು ಜಗಲಿ ಮೇಲೆ ಇಟ್ಟ ಕ್ಷಣ ಅವರ ಕೆಲಸ ಮುಗಿಯಿತು. ಮತ್ತೆ ನೋಡುವವರಾದರು. ನಾಲ್ಕು ವರ್ಷದ ಮಗು ಒಂದು ಎತ್ತನ್ನು ಎಷ್ಟು ಹೊತ್ತು ನೋಡೀತು?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಊರಲ್ಲಿ ಕುಂಬಾರರ ಮನೆಯವರು ಅಮಾವಾಸ್ಯೆಯ ಬೆಳಿಗ್ಗೆ ಬುಟ್ಟಿಯಲ್ಲಿ ಎತ್ತು ಹೊತ್ತುಕೊಂಡು ಮನೆಮನೆಗೆ ಬರುತ್ತಿದ್ದರು, ನಮ್ಮವ್ವ ಮೊರದ ತುಂಬ ಜೋಳ ಕೊಡುತ್ತಿದ್ದಳು. ಅದು ಕಸುಬಿನವರಿಗೆ ಊರು ಕಾಳು ಕೊಡುತ್ತಿದ್ದ ಆಯಗಾರಿಕೆಯ ಕಾಲದಿಂದ ಬಂದ ಕೊಡುಕೊಳ್ಳುವಿಕೆ, ಅವರ ಕಸುಬಿಗೆ ಊರು ತೋರಿಸುತ್ತಿದ್ದ ಗೌರವ. ಇವತ್ತಿಗೂ ಹಸಿ ಮಣ್ಣಿನ ಜೋಡಿ ಮಾಡುವ ಕುಂಬಾರರು ಸಿಕ್ಕರೆ ಖಂಡಿತ ಕೊಳ್ಳಿರಿ, ಚೌಕಾಸಿ ಮಾಡಬೇಡಿರಿ. ಜಗಲಿಯ ಮೇಲೆ ಅವರ ಜೋಡಿ ಇರಲಿ, ಅದರ ಪಕ್ಕದಲ್ಲಿ ಮಕ್ಕಳದೂ ಇರಲಿ. ನನ್ನ ಬೇಸರ ಇರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಎತ್ತಿನ ಮೇಲೆ. ಗಣಪ್ಪನ ವಿಷಯದಲ್ಲಿ ಇಷ್ಟು ವರ್ಷದಿಂದ ಚರ್ಚೆ ಆಗಿದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಿಒಪಿ ಮೂರ್ತಿ ಬೇಡವೆಂದೇ ಹೇಳಿದೆ. ಸಣ್ಣ ಎತ್ತು ಅಂತ ನಾವು ಕಣ್ಣು ಮುಚ್ಚಿಕೊಳ್ಳುವುದು ಸರಿಯಲ್ಲ. ಅದು ನೀರಲ್ಲಿ ಕರಗುವುದೂ ಇಲ್ಲ. ಕರಗದ ಎತ್ತಿಗೆ ಮಣ್ಣೆತ್ತು ಅಂತ ಹೆಸರು ಹೇಗೆ ಬಂದೀತು?

ನಮ್ಮ ಮನೆಯಲ್ಲಿ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಹಿಂದಿನ ದಿನವೇ ಬಾಲ್ಕನಿಯಲ್ಲಿ ಹಳೆಯ ಚಾಪೆ ಹಾಸಿ ಮಣ್ಣು ನೆನೆಹಾಕುತ್ತೇವೆ. ಮಗಳು ಅಜ್ಜನಿಗೆ ವಿಡಿಯೊ ಕಾಲ್ ಮಾಡಿ, "ಅಜ್ಜಾ, ಕೋಡು ಹೆಂಗ ಇರ್ತಾವ?" ಅಂತ ಕೇಳುತ್ತಾಳೆ. ನಮ್ಮಪ್ಪನಿಗೆ ಅದಕ್ಕಿಂತ ಸಂತೋಷದ ಪ್ರಶ್ನೆ ಬೇರೆ ಇಲ್ಲ. ಖಿಲಾರಿ ತಳಿಯ ಎತ್ತಿನ ಕೋಡು ಉದ್ದಕ್ಕೆ ಹಿಂದೆ ಬಾಗಿ ಮೇಲಕ್ಕೆ ಏಳುವುದು, ಕೃಷ್ಣಾ ತೀರದ ತಳಿಯ ಎತ್ತಿನ ಎದೆ ಅಗಲ, ತಾನು ಹೂಡುತ್ತಿದ್ದ ಜೋಡಿಯಲ್ಲಿ ಎಡಗಡೆಯದು ಯಾಕೆ ಶಾಣ್ಯಾ ಇತ್ತು, ಎಲ್ಲ ಹೇಳುತ್ತಾನೆ. ಊರಲ್ಲಿ ಈಗ ಕೊಟ್ಟಿಗೆ ಖಾಲಿ, ಟ್ರ್ಯಾಕ್ಟರ್ ಬಂದಿದೆ. ಅಪ್ಪನ ಎತ್ತುಗಳ ಕತೆ ನನಗೂ ಅರ್ಧದಷ್ಟೇ ಗೊತ್ತಿತ್ತು, ಉಳಿದರ್ಧ ಹೊರಗೆ ಬಂದದ್ದು ಮೊಮ್ಮಗಳ ಕೈಯಲ್ಲಿ ಮಣ್ಣು ಇದ್ದದ್ದರಿಂದ.

ಮಗನ ಎತ್ತು ನೋಡಿದರೆ ಬದನೆಕಾಯಿಗೆ ಕಡ್ಡಿ ಚುಚ್ಚಿದಂತೆ ಕಾಣುತ್ತದೆ. ಕಾಲು ಒಂದು ಕಡೆ ಎರಡಿದ್ದರೆ ಇನ್ನೊಂದು ಕಡೆ ಒಂದೇ. ಮನೆಗೆ ಬಂದವರು ಪ್ರೀತಿಯಿಂದಲೇ, "ಕೊಡು ಪುಟ್ಟಾ, ನಾ ಸರಿ ಮಾಡಿಕೊಡ್ತೀನಿ" ಅನ್ನುತ್ತಾರೆ. ನಾನು ಬಿಡುವುದಿಲ್ಲ. ನಾವು ಸರಿ ಮಾಡಿದ ಗಳಿಗೆಗೆ ಅದು ನಮ್ಮ ಎತ್ತಾಗಿ ಹೋಗುತ್ತದೆ, ಹುಡುಗ ಎದ್ದು ಟಿವಿ ಮುಂದೆ ಕೂಡುತ್ತಾನೆ. ಇದನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಕುಂಟ ಎತ್ತಿಗೆ ನಮ್ಮ ಹಿರಿಯರ ಲೆಕ್ಕದಲ್ಲಿ ಜಾಗ ಇದ್ದೇ ಇತ್ತು. ಅಮಾವಾಸ್ಯೆಯ ಮರುದಿನ ಹುಡುಗರ ಗುಂಪು ಮಣ್ಣೆತ್ತನ್ನು ಹಿಡಿದು ಮನೆಮನೆಗೆ ಹೋಗುತ್ತದೆ, "ಎಂಟೆತ್ತಿನ್ಯಾಗ ಒಂದ ಕುಂಟೆತ್ತು ಬಂದೈತಿ, ಜ್ವಾಳ ನೀಡ್ರೆವ್ವಾ" ಅಂತ ಕೂಗುತ್ತದೆ. ಊರೂರಿಗೆ ಮಾತು ಸ್ವಲ್ಪ ಬೇರೆ, ಕುಂಟೆತ್ತು ಮಾತ್ರ ಇರುತ್ತದೆ. ಕೂಡಿಸಿದ ಜೋಳ, ರೊಕ್ಕದಲ್ಲಿ ಅಡಿಗೆ ಮಾಡಿಸಿಕೊಂಡು ಗುಡಿಯ ಹತ್ತಿರವೋ ಕೆರೆ ದಂಡೆಯಲ್ಲೋ ಕೂತು ಉಣ್ಣುವುದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು, ಹಾವೇರಿ ಕಡೆಯ ಒಬ್ಬ ಗೆಳತಿ ಸೇರಿ ಇದನ್ನು ಶುರು ಮಾಡಿದೆವು. ಕನ್ನಡ ಬಾರದ ಮನೆಗಳವರೂ ಬಾಗಿಲು ತೆಗೆದು ಒಂದು ಬಟ್ಟಲು ಅಕ್ಕಿಯೋ ಬೇಳೆಯೋ ಹಾಕುತ್ತಾರೆ. ಮಕ್ಕಳು ಆ ಸಂಜೆ ಕೆಳಗಿನ ಅಂಗಳದಲ್ಲಿ ಕೂತು ಖಿಚಡಿ ಉಂಡ ಹುರುಪು ಯಾವ ಹುಟ್ಟುಹಬ್ಬದ ಪಾರ್ಟಿಯಲ್ಲೂ ನನಗೆ ಕಂಡಿಲ್ಲ.

ಮಣ್ಣಿನ ವಿಚಾರ ಕೇಳುವವರು ಬಹಳ, ಅದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದು. ಎತ್ತೂ ಹಾಗೇ ಬಿರಿಯುತ್ತದೆ. ಸ್ವಲ್ಪ ಸಣ್ಣ ಉಸುಕು, ಒಂದಿಷ್ಟು ಹತ್ತಿ ಇಲ್ಲವೇ ಹೊಟ್ಟು ಸೇರಿಸಿ ಚೆನ್ನಾಗಿ ತುಳಿದರೆ ಬಿರಿಯುವುದು ಕಡಿಮೆ. ಬೆಂಗಳೂರಿನ ಕೆಂಪು ಮಣ್ಣು ಉದುರುತ್ತದೆ, ಕೈಗೆ ನಿಲ್ಲುವುದಿಲ್ಲ. ಪಾಟರಿ ಟೌನಿನ ಕುಂಬಾರರ ಹತ್ತಿರ ಹದ ಮಾಡಿದ ಜೇಡಿಮಣ್ಣು ಸಿಗುತ್ತದೆ, ನಾನು ತರುವುದು ಅಲ್ಲಿಂದಲೇ. ರಾತ್ರಿ ನೆನೆಸಿ, ಹರಳು ಕಲ್ಲು ತೆಗೆದು, ಒದ್ದೆ ಬಟ್ಟೆ ಮುಚ್ಚಿಡಿರಿ. ಕೋಡಿಗೆ, ಕಾಲಿಗೆ ಒಳಗೆ ಕಸಬರಿಗೆ ಕಡ್ಡಿ ಇಟ್ಟರೆ ನಿಲ್ಲುತ್ತವೆ. ನೆರಳಲ್ಲಿ ಒಣಗಿಸಬೇಕು, ಬಿಸಿಲು ಬೇಡ. ಹುತ್ತ ಒಡೆದು ಮಣ್ಣು ತರುವ ಸಾಹಸ ಮಕ್ಕಳನ್ನು ಕರೆದುಕೊಂಡು ಖಂಡಿತ ಮಾಡಬೇಡಿರಿ.

ಗುಳ್ಳವ್ವನ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆಯಿಂದಲೇ ಆರಂಭಿಸುತ್ತೇನೆ. ಅವಳನ್ನು ಸಿಂಗರಿಸುವುದು ಗುಲಗಂಜಿ, ಕುಸುಬಿ ಕಾಳು ಅಂಟಿಸಿ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ಮಕ್ಕಳಿಗೆ ಮಿಠಾಯಿ ತರಹ ಕಾಣುತ್ತದೆ. ಆ ಕಾಳಿನೊಳಗೆ ಇರುವುದು ಕಡುವಿಷ, ಅಗಿದು ನುಂಗಿದರೆ ಜೀವಕ್ಕೇ ಕುತ್ತು. ಸಣ್ಣ ಮಕ್ಕಳಿರುವ ಮನೆಗೆ ಅದು ಬರಲೇಬಾರದು. ನಾವು ಜೋಳ, ಕುಸುಬಿ ಬಳಸುತ್ತೇವೆ, ಅದನ್ನೂ ಮಗ ಮೂಗಿಗೆ ಏರಿಸದಂತೆ ಪಕ್ಕದಲ್ಲೇ ಕೂತಿರುತ್ತೇನೆ. ಚೆಂಡು ಹೂವಿನ ಎಸಳಾದರೆ ಇನ್ನೂ ಚೆಂದ.

ಎತ್ತು ಗಂಡು ಹುಡುಗರದು, ಗುಳ್ಳವ್ವ ಹೆಣ್ಣು ಹುಡುಗಿಯರದು ಅನ್ನುವ ಪಾಳಿ ಮೊದಲಿತ್ತು. ನನ್ನ ಮನೆಯಲ್ಲಿ ಇಲ್ಲ. ಮಗಳ ಎತ್ತು ಚೆಂದ, ಮಗನಿಗೆ ಗುಳ್ಳವ್ವನ ಮೆಟ್ಟಿಲು ಕಟ್ಟುವುದು ಇಷ್ಟ. ಅತ್ತೆಯವರು ಇದಕ್ಕೆ ಏನನ್ನುತ್ತಾರೋ ಅಂದುಕೊಂಡಿದ್ದೆ, ಅವರು, "ಹೊಲದಾಗ ದುಡಿಯೂ ಮುಂದ ಯಾರ ಗಂಡು, ಯಾರ ಹೆಣ್ಣು" ಅಂದರು. ಅಷ್ಟಕ್ಕೇ ಮುಗಿಯಿತು.

ನಾಗರ ಪಂಚಮಿ ಬಂತೆಂದರೆ ಜೋಕಾಲಿ, ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ, ದಾರ ಪೋಣಿಸಿದ ಕೊಬ್ಬರಿ ಬಟ್ಟಲನ್ನು ಗಿರಗಿರ ಆಡಿಸುವುದು. ಮಕ್ಕಳ ಹಬ್ಬಗಳಲ್ಲಿ ಇದೇ ದೊಡ್ಡದು. ಆದರೆ ನನ್ನ ಮನಸ್ಸು ನಿಲ್ಲುವುದು ಹಾಲೆರೆಯುವ ಹೊತ್ತಿನಲ್ಲಿ. ಮಣ್ಣಿನ ನಾಗಪ್ಪನ ಮುಂದೆ ಕೂತು, ಸಣ್ಣ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಒಬ್ಬೊಬ್ಬರ ಹೆಸರಲ್ಲಿ ಎರೆಯುವುದು: ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಆಯಿ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಮಗು ತನಗೆ ಬೇಕಾದವರನ್ನೆಲ್ಲ ಕರೆಯಬಹುದು. ನಮ್ಮ ಮಗ ಅಪಾರ್ಟ್‌ಮೆಂಟಿನ ಕಾವಲುಗಾರ ಅಣ್ಣನ ಪಾಲು ಎರೆದ, ಶಾಲೆಯ ವ್ಯಾನಿನ ಪಾಲು ಎರೆದ. ಮಗಳು ತೀರಿಕೊಂಡ ಮುತ್ತಜ್ಜಿಯ ಪಾಲು ಎರೆಯಬಹುದೇ ಅಂತ ಕೇಳಿದಳು. ಅತ್ತೆಯವರು, "ಎರಿ ಅವ್ವಾ, ಆಕೀದು ಮೊದಲ ಎರಿಬೇಕಾಗಿತ್ತು" ಅಂದರು. ಮನೆಯಲ್ಲಿ ಯಾರು ಯಾರು ನಮ್ಮವರು ಅಂತ ಮಗು ತಾನೇ ಪಟ್ಟಿ ಮಾಡುವ ಇಂಥ ಇನ್ನೊಂದು ಗಳಿಗೆ ನನಗೆ ಗೊತ್ತಿಲ್ಲ.

ಹಾವು ನಿಜವಾಗಿ ಹಾಲು ಕುಡಿಯುತ್ತದೆಯೇ ಅಂತ ಮಗಳು ಕೇಳಿದಾಗ ಇಲ್ಲ ಅಂದೆ. ಹಾವು ಇಲಿ ಕಪ್ಪೆ ತಿನ್ನುವ ಪ್ರಾಣಿ, ಹಾಲು ಅದಕ್ಕೆ ಆಗಿಬರುವುದಿಲ್ಲ, ಹುತ್ತಕ್ಕೆ ಸುರಿಯಬಾರದು, ಅದಕ್ಕೇ ನಾವು ಮಣ್ಣಿನ ನಾಗಪ್ಪನಿಗೆ ನಾಲ್ಕು ಹನಿ ಎರೆದು ಉಳಿದದ್ದನ್ನು ನೀವು ಕುಡಿಯುವುದು ಅಂದೆ. ಅವಳು ಒಪ್ಪಿದಳು. ಮಕ್ಕಳಿಗೆ ನಿಜ ಹೇಳಿದರೆ ಸಂಪ್ರದಾಯ ಮುರಿಯುತ್ತದೆ ಎಂಬ ಹೆದರಿಕೆ ನಮಗೆ ಯಾಕಿರಬೇಕು?

ಈ ಪಾಲಿನ ಆಟ ಪಂಚಮಿಗೇ ಮುಗಿಯದೆ ನಮ್ಮ ದಿನದ ಊಟಕ್ಕೆ ಬಂದಿದೆ. ರಾತ್ರಿ ಮೊಸರನ್ನದ ಕೈತುತ್ತು ಹಾಕುವಾಗ ಅತ್ತೆಯವರು, "ಇದು ಅಜ್ಜನ ತುತ್ತು, ಇದು ಸೋದರಮಾವನ ತುತ್ತು" ಅನ್ನುತ್ತಿದ್ದರು. ಈಗ ಹೆಸರು ಹೇಳುವುದು ಮಕ್ಕಳ ಕೆಲಸ. ಊರಲ್ಲಿ ಯಾರಿಗಾದರೂ ಜ್ವರ ಎಂದು ಕೇಳಿದ್ದರೆ ಆ ರಾತ್ರಿ ಅವರ ಹೆಸರಿನ ತುತ್ತು ದೊಡ್ಡದು. ಮೊಬೈಲು ತೋರಿಸದೆ ಊಟ ಮುಗಿಯುತ್ತದೆ ಅನ್ನುವುದು ಒಳ್ಳೆಯದೇ. ಅದಕ್ಕಿಂತಲೂ, ವರ್ಷಕ್ಕೊಮ್ಮೆ ಕಾಣುವ ಬಂಧುಗಳ ಹೆಸರು ನನ್ನ ಮೂರು ವರ್ಷದ ಮಗನ ಬಾಯಲ್ಲಿ ದಿನವೂ ಇರುತ್ತದೆ, ಅದು ನನಗೆ ಬೇಕಾದದ್ದು.

"ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಇಷ್ಟೆಲ್ಲ ಯಾವಾಗ ಮಾಡೋದು?" ಅನ್ನುವವರಿಗೆ: ಎಲ್ಲವನ್ನೂ ಮಾಡಬೇಕಿಲ್ಲ. ಐದರಲ್ಲಿ ಒಂದು ಆರಿಸಿಕೊಳ್ಳಿರಿ. ನಾನೂ ನೌಕರಿ ಮಾಡುವವಳೇ, ಆಷಾಢದ ಎಲ್ಲ ಮಂಗಳವಾರ ಗುಳ್ಳವ್ವ ನಮ್ಮ ಮನೆಗೆ ಬರುವುದಿಲ್ಲ, ಬಂದ ವಾರ ಮಾತ್ರ ಪೂರ್ತಿ ಬರುತ್ತಾಳೆ. ನೆಲ ಹೊಲಸಾಗುತ್ತದೆ, ಅಂಗಿಗೆ ಕಲೆ ಬೀಳುತ್ತದೆ, ಒಂದು ಬಕೆಟ್ ನೀರು ಜಾಸ್ತಿ ಹೋಗುತ್ತದೆ. ಹೋಗಲಿ. ಒಂದು ಬೇಡಿಕೆ ಮಾತ್ರ ಇದೆ: ಮಕ್ಕಳ ಕೈಯಲ್ಲಿ ಮಣ್ಣಿರುವಾಗ "ಇಲ್ಲಿ ನೋಡು, ನಗು" ಅಂತ ಕ್ಯಾಮೆರಾ ಹಿಡಿಯಬೇಡಿರಿ. ಅವರು ಆಗ ಕೆಲಸದಲ್ಲಿರುತ್ತಾರೆ.

ಕರಗಿಸುವಾಗ ಅಳುತ್ತಾರಲ್ಲ ಅನ್ನುತ್ತಾರೆ. ಅಳುತ್ತಾರೆ. ಮಗನಂತೂ ತನ್ನ ಎತ್ತಿನ ಕೊರಳು ಹಿಡಿದು ಬಕೆಟ್ಟಿಗೆ ಬಿಡಲಿಲ್ಲ. ನಾವು ಮಾಡಿಕೊಂಡ ಉಪಾಯ ಏನೆಂದರೆ ಮಣ್ಣನ್ನು ಚೆಲ್ಲುವುದಿಲ್ಲ. ಎತ್ತು ಕರಗಿದ ಮಣ್ಣು ಬಟ್ಟೆಯಲ್ಲಿ ಸೋಸಿ ಹದಕ್ಕೆ ಬಂದರೆ ಗುಳ್ಳವ್ವ, ಅವಳು ಕರಗಿದರೆ ನಾಗಪ್ಪ, ಅದೇ ಮಣ್ಣು ಮುಂದೆ ಗಣಪ್ಪ. ಒಮ್ಮೆ ಪೂಜೆಯಾದ ಮಣ್ಣನ್ನು ಹೀಗೆ ಮತ್ತೆ ಬಳಸಬಹುದೇ ಎಂದು ಅತ್ತೆಯವರನ್ನು ಕೇಳಿದ್ದೆ. "ಮಣ್ಣಿಗೆಂಥಾ ಮೈಲಿಗಿ?" ಅಂದರು. ಈಗ ಮಗಳು ತಮ್ಮನಿಗೆ ತಾನೇ ಹೇಳುತ್ತಾಳೆ, "ಅಳಬ್ಯಾಡೋ, ನಿನ್ನ ಎತ್ತು ಗಣಪ್ಪ ಆಗ್ಲಿಕ್ಕೆ ಹೊಂಟೈತಿ" ಅಂತ. ಗಣಪ್ಪನೂ ಕರಗಿದ ಮೇಲೆ ಆ ಮಣ್ಣು ಕರಿಬೇವಿನ ಕುಂಡಕ್ಕೆ.

ಜೋಕುಮಾರ ಮಾತ್ರ ಇಲ್ಲಿ ಬರುವುದಿಲ್ಲ. ಅವನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು, ಬಾಯಿಗೆ ಬೆಣ್ಣೆ ಹಚ್ಚಿ, ಹಾಡುತ್ತ ಬರುವ ಹೆಣ್ಣುಮಕ್ಕಳು ಊರಲ್ಲೇ ಇದ್ದಾರೆ. ಗಣಪ್ಪನ ರಜೆಗೆ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋದವರು ನಾಲ್ಕೈದು ದಿನ ಹೆಚ್ಚು ನಿಂತು ಅವನನ್ನು ತೋರಿಸಿಕೊಂಡೇ ಬನ್ನಿರಿ.

ಗುಳ್ಳವ್ವನ ಹಾಡುಗಳಲ್ಲಿ ನನಗೆ ಬರುವುದು ಚೂರುಪಾರು, ಅತ್ತೆಯವರಿಗೂ ಕೆಲವು ಸಾಲು ಮರೆತಿವೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆಯವರು ನಿಮ್ಮ ಅವ್ವ, ಆಯಿಯರನ್ನು ಕೂಡಿಸಿಕೊಂಡು ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿರಿ. ಕುಂಟೆತ್ತಿನ ಕೂಗು ನಿಮ್ಮ ಊರಲ್ಲಿ ಹೇಗಿತ್ತು, ಅದನ್ನೂ ಬರೆಯಿರಿ. ಈ ಸಲ ಮಕ್ಕಳು ಬಾಗಿಲು ಬಾಗಿಲಿಗೆ ಹೋಗುವ ಹೊತ್ತಿಗೆ ಎರಡು ಮೂರು ಊರಿನ ಕೂಗು ಅವರಿಗೆ ಬಾಯಿಪಾಠ ಆಗಿರಬೇಕು ಅಂತ ನನ್ನ ಆಸೆ.