ನಮ್ಮ ಲಂಕೆ ಇನ್ನೂ ಸುಟ್ಟಿಲ್ಲ

ಕಳೆದ ಭಾನುವಾರ ರಾತ್ರಿ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ದುರ್ಯೋಧನನು ವೈಶಂಪಾಯನ ಸರೋವರಕ್ಕೆ ಇಳಿದ. ಮೇಲೆ ಬಂದನೋ ಇಲ್ಲವೋ ನಾನು ಕಾಣೆ. ನೀರೊಳಗಿದ್ದೂ ಬೆವರುವ ಅವನ ಸಂಕಟವನ್ನು ಬಳ್ಳಾರಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ ಸಭಾಂಗಣವೆಲ್ಲ ಮೈಮರೆತು ಕುಳಿತಿತ್ತು. ಭೀಮನ ಪಾತ್ರಧಾರಿ ಗದೆಯನ್ನು ಹೆಗಲಿಗೇರಿಸಿ, ದಡದಲ್ಲಿ ನಿಂತು, ಮೂದಲಿಸಲೆಂದು ಗಂಟಲು ಸರಿಮಾಡಿಕೊಂಡ. ಸರಿಯಾಗಿ ಆ ಗಳಿಗೆಗೆ ಪಕ್ಕದ ಕುರ್ಚಿಯಿಂದ ನನ್ನ ಪಕ್ಕೆಗೊಂದು ತಿವಿತ ಬಿತ್ತು.

"ನಡ್ರಿ ಸರ್, ಈಗ ಎದ್ರೆ ಗಾಡಿ ತೆಗ್ಯಾಕೆ ಸಲೀಸಾಗ್ತೈತೆ."

ತಿವಿದವರು ನಮ್ಮ ಪಕ್ಕದ ಮನೆಯವರು. ಗಾಡಿ ಅವರದು. ನಾನು ಎದ್ದೆ.

ನಾವಿರುವುದು ಸಂಗನಕಲ್ಲಿನ ದಿಕ್ಕಿಗೆ ಎದ್ದಿರುವ ಒಂದು ಬಡಾವಣೆಯಲ್ಲಿ. ಸೈಟು ಮಾರಿದವರು 'ಸಿಟಿಯಿಂದ ಹತ್ತೇ ನಿಮಿಷ' ಎಂದಿದ್ದರು. ಆ ಹತ್ತು ನಿಮಿಷವನ್ನು ಯಾವ ವಾಹನದಲ್ಲಿ, ದಿನದ ಯಾವ ಹೊತ್ತಿನಲ್ಲಿ ಅಳೆದಿದ್ದರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಸಾವಿರಾರು ವರ್ಷಗಳ ಹಿಂದೆಯೇ ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರೆಂಬುದಕ್ಕೆ ಪುರಾವೆಗಳಿವೆ. ಅಂದರೆ ಇಡೀ ಬಳ್ಳಾರಿಗಿಂತ ಹಳೆಯ ಜನವಸತಿ ನಮ್ಮ ಕಡೆಯದು. ಆದರೂ ರಾತ್ರಿ ಒಂಬತ್ತರ ಮೇಲೆ ಆಟೊದವರ ಮುಂದೆ ನಮ್ಮ ಬಡಾವಣೆಯ ಹೆಸರೆತ್ತಿದರೆ, "ಊರು ಬಿಟ್ಟು ಹೊರಗ್ ಆತಲ್ರೀ, ಬರ್ತಾ ಖಾಲಿ ಬರ್ಬೇಕು" ಎಂದು ದುಪ್ಪಟ್ಟು ಕೇಳುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಸ್ಕೂಟರಿನಲ್ಲಿ ಹೋಗೋಣವೆಂದರೆ ಬಡಾವಣೆಯ ಕಮಾನಿನ ಕೆಳಗೆ ನಾಯಿಗಳ ಠಾಣೆಯಿದೆ. ಹಗಲಲ್ಲಿ ನನ್ನನ್ನು ಕಂಡು ಬಾಲ ಆಡಿಸುವ ಅವೇ ನಾಯಿಗಳಿಗೆ, ರಾತ್ರಿ ಹೆಡ್‌ಲೈಟಿನ ಹಿಂದೆ ಬರುತ್ತಿರುವವನೂ ನಾನೇ ಎಂಬುದು ಇಂದಿಗೂ ಮನವರಿಕೆಯಾಗಿಲ್ಲ.

ಹೀಗಾಗಿ ನನ್ನ ಕಲಾಜೀವನವೆಲ್ಲ ಪಕ್ಕದ ಮನೆಯವರ ಕಾರಿಗೆ ಕಟ್ಟುಬಿದ್ದಿದೆ. ಅವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಕಾರ್ಯಕ್ರಮದ ಸುದ್ದಿ ತಿಳಿದೊಡನೆ ಕಾಂಪೌಂಡಿನಾಚೆಯಿಂದ ತಾವೇ ಕರೆಯುತ್ತಾರೆ, ಪೆಟ್ರೋಲಿನ ಮಾತೆತ್ತಿದರೆ ಬೇಸರಪಟ್ಟುಕೊಳ್ಳುತ್ತಾರೆ. ಆದರೆ ಕಲಾಮಂದಿರದೊಳಗೆ ಕಾಲಿಟ್ಟ ಕ್ಷಣದಿಂದ ಅವರ ಧ್ಯಾನವೆಲ್ಲ ಹೊರಗೆ ನಿಲ್ಲಿಸಿದ ಕಾರಿನ ಮೇಲೆಯೇ. ಮೊದಲ ಅಂಕದಲ್ಲಿ ಒಮ್ಮೆ ಎದ್ದು ಹೋಗಿ, ಹಿಂದೆ ಯಾರಾದರೂ ಅಡ್ಡ ನಿಲ್ಲಿಸಿದ್ದಾರೆಯೇ ಎಂದು ನೋಡಿಬರುತ್ತಾರೆ. ಎರಡನೆಯ ಅಂಕದಲ್ಲಿ, ಅಡ್ಡ ನಿಲ್ಲಿಸಿದವರು ಯಾವ ಸಾಲಿನಲ್ಲಿ ಕುಳಿತಿರಬಹುದೆಂದು ಕತ್ತಲಲ್ಲೇ ಹುಡುಕುತ್ತಾರೆ. ಪಾತ್ರಗಳ ದನಿ ಏರಿ, ಹಾರ್ಮೋನಿಯಮ್ಮಿನವನು ಬೆನ್ನು ನೆಟ್ಟಗೆ ಮಾಡಿಕೊಂಡನೆಂದರೆ ಕಥೆ ಮುಗಿಯುವ ಸೂಚನೆ ಅವರಿಗೆ ಎಲ್ಲರಿಗಿಂತ ಮುಂಚೆ ಸಿಕ್ಕಿಬಿಡುತ್ತದೆ. ಆಮೇಲೆ ತಿವಿತ.

ಇದರ ಫಲವಾಗಿ ಪುರಾಣಗಳು ನನ್ನ ಪಾಲಿಗೆ ಬೇರೆಯೇ ರೂಪ ತಳೆದಿವೆ. ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದ್ದನ್ನು ಕಂಡಿದ್ದೇನೆ, ಕೃಷ್ಣ ಬಂದದ್ದನ್ನು ಕಂಡಿಲ್ಲ. ಹರಿಶ್ಚಂದ್ರ ಸ್ಮಶಾನದಲ್ಲಿ ಕತ್ತಿ ಎತ್ತಿ ನಿಂತವನು ಹಾಗೆಯೇ ನಿಂತಿದ್ದಾನೆ. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳಿಗೆ ಜೀವ ತುಂಬಿದ ಊರಿನಲ್ಲಿ ತೊಗಲುಗೊಂಬೆಯಾಟ ನೋಡಹೋದರೆ, ಹನುಮಂತನ ಬಾಲಕ್ಕೆ ಬಟ್ಟೆ ಸುತ್ತುವವರೆಗೂ ನಮಗೆ ಅವಕಾಶ. ಕಿಡಿ ತಗಲುವಷ್ಟರಲ್ಲಿ ನಾವು ಕಾರಿನಲ್ಲಿರುತ್ತೇವೆ. ವಕೀಲಿಕೆಯ ನಡುವೆಯೇ ರಂಗಭೂಮಿಗೆ ಒಲಿದ ಬಳ್ಳಾರಿ ರಾಘವರ (1880–1946) ಹೆಸರಿನ ಮಂದಿರದಿಂದ ತೀರ್ಪು ಕೇಳದೆ ಎದ್ದು ಬರುವ ಕಕ್ಷಿದಾರರು ನಾವಿಬ್ಬರೇ ಇರಬೇಕು.

ಇಷ್ಟೆಲ್ಲ ಮಾಡಿ ಉಳಿಸಿದ ಸಮಯವಾದರೂ ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಉರಿಸುವ ಸಂಗತಿ. ಭಾನುವಾರ ನಾವು ಗದ್ದಲಕ್ಕೆ ಸಿಕ್ಕದೆ, ಒಂದು ಹಾರ್ನೂ ಹೊಡೆಯದೆ ಮನೆ ಮುಟ್ಟಿದೆವು. ಆಮೇಲೆ ಅವರು ನನ್ನ ಗೇಟಿನ ಮುಂದೆ ಎಂಜಿನ್ ಆರಿಸಿ, ಸೀಟು ಹಿಂದಕ್ಕೆ ಸರಿಸಿ, ನಲ್ಲಿ ನೀರು ಈ ವಾರವಾದರೂ ಬಂದೀತೇ ಎಂಬಲ್ಲಿಂದ ಶುರುಮಾಡಿ, ಬೀದಿದೀಪಗಳಿಗೆ ಬಂದು, ಹಂಪಿಯು 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾದ ಮೇಲೆ ನಮಗೆ ಉಳಿದದ್ದೇನು ಎಂಬ ಪ್ರಶ್ನೆಯವರೆಗೆ ನಿಧಾನವಾಗಿ ಮಾತಾಡಿದರು. ಅಷ್ಟು ಹೊತ್ತಿನಲ್ಲಿ ದುರ್ಯೋಧನ ಮೇಲೆದ್ದು, ತೊಡೆ ಮುರಿಸಿಕೊಂಡು, ಮಂಗಳ ಹಾಡಿಸಿಕೊಂಡು, ಬಣ್ಣ ಒರೆಸಿಕೊಂಡು ಮನೆಗೇ ಹೋಗಿರಬಹುದು.

ಊರೊಳಗಿನ ಓಣಿಯಲ್ಲಿ ಬಾಡಿಗೆಗಿದ್ದಾಗ ನಾಟಕ ಬಿಟ್ಟ ಮೇಲೆ ನಡೆದೇ ಮನೆಗೆ ಹೋಗುತ್ತಿದ್ದೆವು. ಸುಭದ್ರಮ್ಮ ಮನ್ಸೂರರ ರಂಗಗೀತೆಗಳನ್ನು ಕೇಳಿ ಬೆಳೆದ ಹಿರಿಯರು ದಾರಿಯುದ್ದಕ್ಕೂ ಇವತ್ತಿನ ಹಾಡುಗಾರ್ತಿಯನ್ನು ಅವರೊಂದಿಗೆ ತೂಗಿ ನೋಡುತ್ತ, ಮಿರ್ಚಿ ಬಂಡಿಯ ಮುಂದೆ ನಿಂತು ಒಗ್ಗರಣೆ-ಮಿರ್ಚಿಯ ಕೊನೆಯ ತಟ್ಟೆ ಖಾಲಿಯಾಗುವವರೆಗೂ ಜಗಳವಾಡುತ್ತಿದ್ದರು. ಪರಿಚಯವೇ ಇಲ್ಲದವರು ನಡುವೆ ಬಾಯಿ ಹಾಕುತ್ತಿದ್ದರು, ಅದಕ್ಕೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಈಗ ಪೂರ್ವಕ್ಕೆ ಬಾಗಿಲಿರುವ ಸ್ವಂತ ಮನೆಯಿದೆ, ಗಾಳಿಯಿದೆ, ಬೆಳದಿಂಗಳಿದೆ. ಜಗಳವಾಡಲು ಕೊನೆಯ ಅಂಕ ಗೊತ್ತಿಲ್ಲ.

ನಿನ್ನೆ ಧೈರ್ಯ ಮಾಡಿ ಮಾತೆತ್ತಿದೆ. ಮುಂದಿನ ವಾರ ತೊಗಲುಗೊಂಬೆಯಾಟವಿದೆ, ಒಮ್ಮೆಯಾದರೂ ಲಂಕೆ ಸುಡುವುದನ್ನು ನೋಡಬೇಕೆಂಬ ಆಸೆಯಿದೆ ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. ಮನಸ್ಸು ಕರಗಿರುವುದು ಮುಖದಲ್ಲೇ ಕಾಣುತ್ತಿತ್ತು.

"ಅದ್ಕೇನಂತೆ ಸರ್, ಪೂರ್ತಿ ನೋಡ್ರಿ" ಎಂದರು. "ನಾನು ಮೊದ್ಲೇ ಎದ್ದು ಗಾಡಿ ರೋಡಿಗೆ ತಂದು ನಿಲ್ಲಿಸಿರ್ತೀನಿ. ನೀವು ಬಾಗ್ಲತ್ರ ನಿಂತ್ಕೊಂಡು ನೋಡ್ರಿ. ನಾನು ಹಾರ್ನ್ ಹೊಡೀತಿದ್ದಂಗೆ ಬಂದ್ಬಿಡ್ರಿ."