ಡಬ್ಬಿ ಮೇಲಿನ ದೊಡ್ಡ ನಂಬರ್ ಓದಿ ಕಾರ್ಡ್ ಮಾರುವವರಿಗೆ

ಶಿವಮೊಗ್ಗದಲ್ಲಿ ಅಂಗಡಿಗೆ ಹೋಗಿ ಕ್ಯಾಮೆರಾಗೆ ಮೆಮೊರಿ ಕಾರ್ಡ್ ಬೇಕು ಅಂದರೆ ಬರುವ ಪ್ರಶ್ನೆ ಒಂದೇ. "ಎಷ್ಟು ಜಿಬಿ ಸಾರ್?" ಯಾವ ಕ್ಯಾಮೆರಾ ಅಂತ ಕೇಳಲ್ಲ. ಫೋಟೋಗಾ, ವಿಡಿಯೋಗಾ ಅಂತಲೂ ಕೇಳಲ್ಲ. ಸೊಸೈಟಿಯಲ್ಲಿ ಅಕ್ಕಿ ತೂಗಿದ ಹಾಗೆ 64, 128 ಅಂತ ತೂಗಿ ಕೊಟ್ಟುಬಿಡುತ್ತಾರೆ.

ಸ್ಪೀಡ್ ಎಷ್ಟು ಅಂತ ನಾನೇ ಬಾಯಿಬಿಟ್ಟು ಕೇಳಿದೆ. "ಎಲ್ಲಾ ಒಂದೇ ಸಾರ್. ನೋಡಿ, ಮೇಲೇ ಬರೆದಿದೆಯಲ್ಲ, 100 ಎಂಬಿ." ಬರೆದಿತ್ತು, ನಿಜ. ಪಕ್ಕದಲ್ಲೇ ಕನ್ನಡಕ ಹಾಕಿದರೂ ಕಾಣದಂಥ ಅಕ್ಷರದಲ್ಲಿ 'ಅಪ್ ಟು' ಅಂತಲೂ ಇತ್ತು. ಅಂದರೆ ಹೆಚ್ಚೆಂದರೆ ಇಷ್ಟು. ಅದೂ ಕಾರ್ಡ್‌ನಿಂದ ಓದುವ ವೇಗ, ಮನೆಗೆ ಬಂದು ಕಂಪ್ಯೂಟರಿಗೆ ಫೋಟೋ ಇಳಿಸುವಾಗ ಕೆಲಸಕ್ಕೆ ಬರುವ ನಂಬರ್. ಕ್ಯಾಮೆರಾಗೆ ಬೇಕಾದದ್ದು ಬರೆಯುವ ವೇಗ. ಅದನ್ನು ಡಬ್ಬಿಯ ಯಾವ ಮೂಲೆಯಲ್ಲೂ ಹಾಕಿರಲಿಲ್ಲ. ಸಾಲದ್ದಕ್ಕೆ ಕೊಟ್ಟದ್ದು ಫೋನಿಗೆ ಹಾಕುವ ಮೈಕ್ರೋ ಕಾರ್ಡ್. "ಅಡಾಪ್ಟರ್ ಇದೆಯಲ್ಲ ಸಾರ್, ಹಾಕಿದ್ರೆ ಆಯ್ತು." ಅದರ ಮೇಲೆ ಎ1 ಅಂತ ಗುರುತಿತ್ತು. ಅದು ಫೋನಿನಲ್ಲಿ ಆ್ಯಪ್ ಓಡಿಸುವುದಕ್ಕೆ ಕೊಡುವ ಗುರುತು. ಹಕ್ಕಿ ಫೋಟೋ ತೆಗೆಯುವವನಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋದವರಿಗೆ ಗೊತ್ತು. ತುಂಗೆ ಕೆಂಪಾಗಿ ಹರಿಯುತ್ತಿರುತ್ತಾಳೆ, ನಡುವಿನ ಮರಗಳ ತುಂಬಾ ಗೂಡು. ಬೆಳ್ಳಕ್ಕಿ ಬಂದು ಕೂತಿತು. ಮರಿಗಳು ಅಮ್ಮನ ಕೊಕ್ಕನ್ನೇ ಅಡ್ಡಡ್ಡ ಕಚ್ಚಿ ಹಿಡಿದು ಎಳೆಯತೊಡಗಿದವು. ಬಟನ್ ಒತ್ತಿ ಹಿಡಿದೆ. ಪಟಪಟ ಅಂತ ಶುರುವಾದದ್ದು ಸ್ವಲ್ಪ ಹೊತ್ತಿಗೇ ಪಟ್... ಪಟ್... ಅಂತಾಗಿ ನಿಂತೇಹೋಯಿತು. ಕೆಂಪು ದೀಪ ಮಿಣಮಿಣ ಅನ್ನುತ್ತಿದೆ, ಬಟನ್ ಒತ್ತಿದರೆ ಕ್ಯಾಮೆರಾ ಜಪ್ಪಯ್ಯ ಅನ್ನಲ್ಲ. ಅಮ್ಮ ಉಣಿಸಿ ಮುಗಿಸಿ ಹಾರಿಯೂ ಹೋಯಿತು. ದೀಪ ಇನ್ನೂ ಮಿಣಮಿಣ.

ಲೆಕ್ಕ ಕೇಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಇಡುವ ಫೋಟೋ, ಸುಮಾರು 25 ಎಂಬಿ. ಸೆಕೆಂಡಿಗೆ 10 ತೆಗೆದರೆ 250 ಎಂಬಿ. ಅಷ್ಟನ್ನು ಕಾರ್ಡ್ ಆಗಿಂದಾಗಲೇ ನುಂಗಲ್ಲ, ಹಾಗಾಗಿ ಕ್ಯಾಮೆರಾ ಮೊದಲು ತನ್ನೊಳಗಿನ ತಾತ್ಕಾಲಿಕ ಜಾಗದಲ್ಲಿ, ಅಂದರೆ ಬಫರ್‌ನಲ್ಲಿ, ಇಟ್ಟುಕೊಳ್ಳುತ್ತದೆ. ಬಫರ್ ತುಂಬಿತು ಅಂದರೆ ಮುಂದಿನದೆಲ್ಲ ಕಾರ್ಡ್ ಕೈಯಲ್ಲಿ. 40 ಫೋಟೋ ಕೂತಿದ್ದರೆ 1000 ಎಂಬಿ. ಸೆಕೆಂಡಿಗೆ 20 ಎಂಬಿ ಬರೆಯುವ ಕಾರ್ಡ್‌ಗೆ ಅದನ್ನು ಖಾಲಿ ಮಾಡಲು 50 ಸೆಕೆಂಡ್ ಬೇಕು. 80 ಬರೆಯುವ ಕಾರ್ಡ್ ಹನ್ನೆರಡೂವರೆ ಸೆಕೆಂಡಿನಲ್ಲಿ ಮುಗಿಸುತ್ತದೆ. ಇದಕ್ಕಾ "ಎಲ್ಲಾ ಒಂದೇ" ಅನ್ನೋದು?

ಇದು ಒಂದು ಥರದ ಮೋಸ. ಇನ್ನೊಂದು ಥರ ತೀರ್ಥಹಳ್ಳಿ ಕಡೆಯ ಮದುವೆ ವಿಡಿಯೋ ಮಾಡುವ ನಮ್ಮ ಹುಡುಗನಿಗೆ ಆಯಿತು. ಅವನ ಕ್ಯಾಮೆರಾದ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್. ಅಂಗಡಿಯವರು ಅದನ್ನು 100 ಎಂಬಿ ಅಂತ ಓದಿದರು. ಮೆಗಾಬಿಟ್ ಬೇರೆ, ಮೆಗಾಬೈಟ್ ಬೇರೆ ಸ್ವಾಮಿ! ಎಂಬಿ ಅಂದರೆ ಮೆಗಾಬೈಟ್, 8 ಬಿಟ್ ಸೇರಿದರೆ ಒಂದು ಬೈಟ್. 8ರಿಂದ ಭಾಗಿಸಿದರೆ ಹನ್ನೆರಡೂವರೆ ಎಂಬಿ, ಅಷ್ಟೆ. ವಿ30 ಅಂತ ಗುರುತಿರುವ ಕಾರ್ಡ್ ಸಾಕಿತ್ತು. ವಿಡಿಯೋ ಬರೆಯುವಾಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯಲ್ಲ ಅನ್ನೋದೇ ಆ ಗುರುತಿನ ಅರ್ಥ. ಯು ಅಕ್ಷರದೊಳಗೆ 3 ಇದ್ದರೂ ಅದೇ ಮಾತು. ಅವನಿಗೆ ಕಟ್ಟಿದ್ದು ಏನು? ಹಿಂಬದಿಯಲ್ಲಿ ಎರಡು ಸಾಲು ಪಿನ್ ಇರುವ ಯುಎಚ್‌ಎಸ್-2 ಕಾರ್ಡ್, ಅದರ ಮೇಲೆ ವಿ90. ಅವನ ಕ್ಯಾಮೆರಾಗೆ ಆ ಎರಡನೇ ಸಾಲು ಮುಟ್ಟುವುದೇ ಇಲ್ಲ, ಹಳೇ ಯುಎಚ್‌ಎಸ್-1 ವೇಗದಲ್ಲೇ ಓಡುತ್ತದೆ. ಅದರ ಮಿತಿ ಸೆಕೆಂಡಿಗೆ 104 ಎಂಬಿ. ಸೀಸನ್‌ನಲ್ಲಿ ದುಡಿದ ದುಡ್ಡು ಸುಮ್ನೆ ಹೋಯಿತು. "ಕಾರ್ಡ್ ಫಾಸ್ಟ್ ಇದ್ರೆ ಫೋಟೋ ಕ್ಲಿಯರ್ ಬರುತ್ತೆ" ಅಂತ ಬೇರೆ ಹೇಳಿದರಂತೆ! ಕಾರ್ಡ್‌ಗೂ ಕ್ಲಿಯರ್‌ಗೂ ಏನ್ರೀ ಸಂಬಂಧ? ಕ್ಯಾಮೆರಾ ಕೊಟ್ಟದ್ದನ್ನು ಅದು ಹಾಗೇ ಇಟ್ಟುಕೊಳ್ಳುತ್ತದೆ, ಬೇಗ ಅಥವಾ ನಿಧಾನ.

ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಒಂದೊಂದೇ ಫೋಟೋ ತೆಗೆಯುವವರಿಗೆ ಈ ರಗಳೆ ಬೇಡವೇ ಬೇಡ. ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುವ ಕ್ಲಾಸ್ 10 ಕಾರ್ಡ್ ಧಾರಾಳ ಆಯಿತು. ಅಂಥವರಿಗೂ ದುಬಾರಿಯದನ್ನೇ ತಲೆಗೆ ಕಟ್ಟುತ್ತಾರೆ, ಅದು ಬೇರೆ ಮಾತು.

ಕಾರ್ಡ್ ವಾಪಸ್ ಕೊಡಲು ಹೋದೆ. "ಸೀಲ್ ಒಡೆದಿದ್ದೀರಲ್ಲ ಸಾರ್, ತಗೊಳ್ಳಲ್ಲ." ಸೀಲ್ ಒಡೆಯದೆ ಕಾರ್ಡ್ ಎಷ್ಟು ಬರೆಯುತ್ತೆ ಅಂತ ನೋಡೋದು ಹೇಗೆ, ಮೂಸಿ ನೋಡಲಾ? ಹೀಗೆ ಕೇಳಿದ್ದಕ್ಕೆ ಅವರ ಮುಖ ಊದಿಕೊಂಡಿತು. ಅಷ್ಟರಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಒಳಗೆ ಬಂದು ಕ್ಯಾಮೆರಾಗೆ ಕಾರ್ಡ್ ಕೇಳಿದಳು. ಇವರು ನನ್ನ ಕಡೆ ತಿರುಗಿಯೂ ನೋಡದೆ ಶುರು ಮಾಡಿದರು. "ಎಷ್ಟು ಜಿಬಿ ಮೇಡಂ?" ನಾನು ಅಲ್ಲೇ ನಿಂತು, ವಿ30 ಇದೆಯಾ ಕೇಳಮ್ಮ, ಬರೆಯುವ ಸ್ಪೀಡ್ ಎಷ್ಟು ಕೇಳು ಅಂದೆ. ಅಂಗಡಿಯವರು ನನ್ನನ್ನು ಹೊರಗೆ ಹೋಗಿ ಅಂದರು.